ಬೆರಳು ತೋರಿಸಿದ ಹಲ್ಲು

ಚೀಟಿ ಅಕ್ಕ ಮಂಗಳವಾರ ಸಂಜೆ ನಾಲ್ಕೂ ಮುಕ್ಕಾಲಿಗೆ ತೀರಿಕೊಂಡಳು. ಮೂರನೇ ಮಹಡಿಯ ಒಂದು ಕೋಣೆಯಲ್ಲಿ, ಗೆಳತಿಯ ಎದುರಿಗೆ, ಬೆತ್ತದ ಕುರ್ಚಿಯಲ್ಲಿ ಕೂತ ಹಾಗೆಯೇ. ಅರವತ್ತೊಂದು ವರ್ಷ. ಆಮೇಲೆ ಬಂದ ಡಾಕ್ಟರು ಕಾಗದದಲ್ಲಿ ಕಾರಣ ಹೃದಯ ಎಂದು ಬರೆದರು. ಎರಡು ತಿಂಗಳಿಂದ ಅವಳು ಮನೆಯವರಿಗೆ ಹೇಳಿಕೊಂಡು ಬಂದದ್ದು ಹಲ್ಲು ಎಂದು.

ಮರುದಿನ ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಆ ಗೆಳತಿ ಒಂದು ದವಡೆ ಹಲ್ಲು ಕೀಳಿಸಿಕೊಳ್ಳಬೇಕಿತ್ತು. ಹೋಗಲಿಲ್ಲ. ಆ ಹಲ್ಲು ಇನ್ನೂ ಬಾಯಲ್ಲಿದೆ, ಗಟ್ಟಿಯಾಗಿದೆ. ಅದು ಹೇಗೆ ಉಳಿಯಿತು ಅನ್ನುವುದೇ ಈ ಕಥೆ. ಇದರಲ್ಲಿ ಬರುವ ಬಹಳಷ್ಟು ವಿಷಯ ಚೀಟಿ ಅಕ್ಕ ಆ ಮಂಗಳವಾರ ತಾನೇ ಹೇಳಿದ್ದು. ಉಳಿದದ್ದು ಅವಳ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು.

ಚೀಟಿ ಅಕ್ಕ ಎಂಬ ಹೆಸರು ಕೆಲಸದಿಂದ ಅಂಟಿಕೊಂಡದ್ದು. ಹಲ್ಲಿನ ಆಸ್ಪತ್ರೆಯ ಬಾಗಿಲ ಪಕ್ಕ, ಎರಡು ಉದ್ದ ಬೆಂಚುಗಳ ಎದುರಿಗೆ ಒಂದು ಮೇಜು. ಅದರ ಒಂದು ಕಾಲು ಗಿಡ್ಡ, ಅಡಿಗೆ ಮಡಿಸಿದ ರಟ್ಟು. ಮೂವತ್ತನಾಲ್ಕು ವರ್ಷ ಅವಳು ಕೂತದ್ದು ಅಲ್ಲೇ. ಒಳಗೆ ಹೋಗುವವರೆಲ್ಲ ಮೊದಲು ಅವಳ ಮುಂದಿನ ಸ್ಟೂಲಿನ ಮೇಲೆ ಕೂತು ಬಾಯಿ ಬಿಡಬೇಕು. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ನೋವನ್ನು ಕೇಳಿಸಿಕೊಂಡು ಚೀಟಿಯಲ್ಲಿ ಬರೆಯುವವಳು. ಚೀಟಿಯ ಮೇಲ್ಭಾಗದಲ್ಲಿ ಹಲ್ಲಿನ ಎರಡು ಸಾಲಿನ ಚಿತ್ರ, ಕೆಳಗೆ ಖಾನೆಗಳು. ಯಾವಾಗಿಂದ. ಎಂಥ ನೋವು. ಯಾವಾಗ ಬರುತ್ತದೆ. ಯಾವಾಗ ಹೋಗುತ್ತದೆ. ಐಸ್ ಪರೀಕ್ಷೆ. ಎಲ್ಲಕ್ಕಿಂತ ಕೊನೆಗೆ, ಬೆರಳು ತೋರಿಸಿದ್ದು. ಅದರ ಕೆಳಗಿನ ದೊಡ್ಡ ಖಾನೆ, ಕಾರಣ ಅನ್ನುವುದು, ಡಾಕ್ಟರು ತುಂಬಬೇಕಾದದ್ದು. ಅಲ್ಲಿ ಅವಳ ಪೆನ್ನು ಹೋಗುತ್ತಿರಲಿಲ್ಲ.

ಚೀಟಿಯನ್ನು ಹಾಗೆ ಮಾಡಿಸಿದವರು ದೊಡ್ಡ ಡಾಕ್ಟರು. ಎತ್ತರದ ಆಳು, ಸದಾ ಲವಂಗದೆಣ್ಣೆಯ ವಾಸನೆ. ಅವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ಹೇಳಿದ್ದರು, "ನೋಡಮ್ಮ, ಜನ ಬಂದ ತಕ್ಷಣ ಬೆರಳಿಟ್ಟು ತೋರಿಸ್ತಾರೆ, ಇದೇ ಹಲ್ಲು ಅಂತ. ಆ ಬೆರಳನ್ನ ನಂಬಬೇಡ. ಕೆಳಗಿನ ಹಲ್ಲು ಕೆಟ್ಟಿದ್ರೆ ಮೇಲಿಂದು ನೋಯುತ್ತೆ. ಮೇಲಿಂದು ಕೆಟ್ಟಿದ್ರೆ ಕೆಳಗಿಂದು ಅಳುತ್ತೆ. ಒಂದೇ ದಾರೀಲಿ ಹೋಗೋ ತಂತಿಗಳು ಅವು, ಯಾರ ಮನೆ ಗಂಟೆ ಬಾರಿಸ್ತು ಅಂತ ತಲೆಗೆ ಗೊತ್ತಾಗಲ್ಲ. ಬೆರಳಿನ ಮಾತು ಕೊನೇಲಿ ಕೇಳು. ಮೊದಲೇ ಕೇಳಿದ್ರೆ ಆಮೇಲೆ ನಿನ್ನ ಕಿವಿ ಬೇರೇನೂ ಕೇಳಲ್ಲ."

ಬೆರಳನ್ನು ಪರೀಕ್ಷಿಸಲು ಐಸ್ ಕಡ್ಡಿ. ಇಂಜೆಕ್ಷನ್ ಸೂಜಿಯ ಹೊಸ ಪ್ಲಾಸ್ಟಿಕ್ ಮುಚ್ಚಳಗಳಿಗೆ ನೀರು ತುಂಬಿ, ಮನೆಗೆ ಹೊರಡುವ ಮೊದಲು ಫ್ರಿಜ್ಜಿನಲ್ಲಿ ಸಾಲಾಗಿ ನಿಲ್ಲಿಸಿ ಹೋಗುವುದು ಅವಳ ದಿನದ ಕೊನೆಯ ಕೆಲಸ. ಬೆಳಗ್ಗೆ ಮುಚ್ಚಳದಿಂದ ಪೆನ್ಸಿಲಿನಷ್ಟು ಸಣ್ಣ ಐಸ್ ಕಡ್ಡಿ ಹೊರಬರುತ್ತಿತ್ತು. ನೋವಿಲ್ಲದ ಕಡೆಯಿಂದ ಶುರುಮಾಡಿ ಒಂದೊಂದೇ ಹಲ್ಲಿಗೆ ತಾಗಿಸಬೇಕು. ತೆಗೆದ ಮೇಲೆ ಹತ್ತು ಎಣಿಸಬೇಕು. ಕೆಟ್ಟ ಹಲ್ಲಾದರೆ ಕಡ್ಡಿ ತೆಗೆದ ಮೇಲೂ ನೋವು ನಿಲ್ಲುವುದಿಲ್ಲ, ಕೂತವರ ಕಣ್ಣಲ್ಲಿ ನೀರು ಬರುತ್ತದೆ. ಆಗ ಬೆರಳು ಸುಳ್ಳು ಹೇಳಿದ್ದು ಗೊತ್ತಾಗುತ್ತದೆ.

ಕೂತು ಕೂತು ಅವಳಿಗೆ ನೋವುಗಳ ಮುಖಪರಿಚಯವಾಯಿತು. ತಣ್ಣೀರು ತಾಗಿದಾಗ ಜುಮ್ಮೆಂದು, ನೀರು ನುಂಗುವಷ್ಟರಲ್ಲಿ ಮಾಯವಾಗುವುದು ಒಸಡು ಸರಿದದ್ದು ಇಲ್ಲವೇ ಹಲ್ಲಿನ ಮೈ ಸವೆದದ್ದು. ಬಿಸಿ ತಾಗಿ, ಲೋಟ ಕೆಳಗಿಟ್ಟ ಮೇಲೂ ಅರ್ಧ ಗಂಟೆ ಒಳಗೊಳಗೇ ಬಡಿಯುತ್ತ, ಮಲಗಿದರೆ ಇನ್ನೂ ಹೆಚ್ಚುವುದು ಹುಳುಕು ನರದ ಬಾಗಿಲಿಗೆ ಬಂದದ್ದು. ಒಂದು ಹಲ್ಲು ಮಾತ್ರ ಉಳಿದವಕ್ಕಿಂತ ಎತ್ತರವಾದ ಹಾಗೆ, ಕಚ್ಚಲೇ ಆಗದ ಹಾಗೆ ಅನ್ನಿಸಿದರೆ ಬೇರಿನ ತುದಿಯಲ್ಲಿ ಕೀವು. ಕಚ್ಚುವಾಗ ಸುಮ್ಮನಿದ್ದು, ಕಚ್ಚಿ ಬಿಡುವಾಗ ಚುಚ್ಚಿದರೆ ಕೂದಲೆಳೆಯಷ್ಟು ಸೀಳು. ಬೆಳಗ್ಗೆ ಏಳುವಾಗಲೇ ದವಡೆ ಬಿಗಿದು ಕಿವಿಯ ಮುಂದೆ ನೋವು ಅಂದವರನ್ನು ಅವಳು ಕೇಳುತ್ತಿದ್ದಳು, "ನಿದ್ದೇಲಿ ಯಾರನ್ನ ಅಗೀತೀರ?" ಒಬ್ಬ ಲೆಕ್ಕದ ಮೇಷ್ಟ್ರು ಇದಕ್ಕೆ ಸಿಟ್ಟಾಗಿ, "ಹೆಡ್‌ಮಾಸ್ಟರನ್ನ" ಎಂದುಬಿಟ್ಟಿದ್ದ. ಬೆಂಚಿನ ಮೇಲಿದ್ದ ಊದಿದ ಕೆನ್ನೆಗಳೆಲ್ಲ ನಗಲಾರದೆ ನಕ್ಕಿದ್ದವು.

ಗಾರೆ ಕೆಲಸದ ಒಬ್ಬನಿಗೆ ಮೇಲ್ಸಾಲಿನ ಹಿಂದಿನ ನಾಲ್ಕೂ ಹಲ್ಲು ಒಟ್ಟಿಗೆ ನೋಯುತ್ತಿತ್ತು, ಇಟ್ಟಿಗೆ ಎತ್ತಲು ಬಗ್ಗಿದರೆ ಕೆನ್ನೆ ಕಲ್ಲಾಗುತ್ತಿತ್ತು. ಅವನಿಗಿದ್ದದ್ದು ಕೆನ್ನೆಮೂಳೆಯೊಳಗೆ ಕಟ್ಟಿಕೊಂಡ ಶೀತ. ಇನ್ನೊಬ್ಬ ಅರ್ಧ ಮುಖ ಕ್ಷೌರ ಮಾಡಿಕೊಂಡು ಬಂದಿದ್ದ, ಇನ್ನರ್ಧದಲ್ಲಿ ವಾರದ ಗಡ್ಡ. ಬ್ಲೇಡಿರಲಿ, ಫ್ಯಾನಿನ ಗಾಳಿ ತಾಗಿದರೂ ಮುಖದಲ್ಲಿ ಮಿಂಚು ಹೊಡೆಯುತ್ತದೆ ಎಂದ. ಮೂರು ಹಲ್ಲು ಬೇರೆಲ್ಲೋ ಕೀಳಿಸಿ ಆಗಿತ್ತು. ಅದು ಹಲ್ಲಿನದಲ್ಲ, ಮುಖದ ನರದ್ದೇ ಕಾಯಿಲೆ. ಅವನಿಗೆ ಫ್ಯಾನ್ ಆರಿಸಿ ಅವಳು ಮಾತಾಡಿಸಿದಳು.

ಮತ್ತೊಬ್ಬ ಮೂಟೆ ಹೊರುವ ಮುದುಕ. ಎಡ ದವಡೆ ನೋವು, ಕೀಳಿಸಿಬಿಡಿ ಎಂದ. ಯಾವಾಗ ಬರುತ್ತದೆ ಎಂದರೆ, ಹೊರೆ ಹೊತ್ತು ಮೆಟ್ಟಿಲು ಹತ್ತಿದಾಗ. ಯಾವಾಗ ಹೋಗುತ್ತದೆ ಎಂದರೆ, ಇಳಿಸಿ ಕೂತಾಗ. ಅವಳು ಪೆನ್ನು ಕೆಳಗಿಟ್ಟಳು. "ತಾತ, ಹಲ್ಲಿಗೆ ಮೆಟ್ಟಿಲು ಗೊತ್ತಾಗಲ್ಲ. ಇದು ಎದೆದು" ಎಂದು ಹೇಳಿ, ಅವನು ಬೇಡ ಬೇಡವೆಂದರೂ ಆಟೋ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸಿದಳು. ಒಂದೂವರೆ ತಿಂಗಳ ಮೇಲೆ ಮುದುಕ ವಾಪಸ್ಸು ಬಂದು, ಅಂಗಿ ಗುಂಡಿ ಬಿಚ್ಚಿ ಎದೆಯ ಹೊಲಿಗೆ ತೋರಿಸಿ, ಆಮೇಲೆ ಬಾಯಿ ತೆರೆದು ಹಲ್ಲನ್ನೂ ತೋರಿಸಿ ಹೋದ. ಆ ದಿನ ದೊಡ್ಡ ಡಾಕ್ಟರು ಅವಳಿಗೆ ತಾವೇ ಟೀ ತಂದುಕೊಟ್ಟರು.

ಇದನ್ನೆಲ್ಲ ಇಲ್ಲಿ ಬರೆದದ್ದು ಅವಳಿಗೆ ಎಷ್ಟು ಗೊತ್ತಿತ್ತು ಎಂದು ತಿಳಿಯಲಿ ಎಂದು.

ಅವಳಿಗೆ ಮೂವತ್ತೈದು ವಯಸ್ಸಾಗಿದ್ದಾಗ ಒಂದು ಸೋಮವಾರ ಪ್ರೂಫಮ್ಮ ಬಂದಳು. ಪ್ರೆಸ್ಸಿನಲ್ಲಿ ಅಚ್ಚಿಗೆ ಹೋಗುವ ಮೊದಲು ಪುಟಗಳನ್ನು ಓದಿ ತಪ್ಪು ತಿದ್ದುವ ಕೆಲಸದವಳು. ಆ ಹೆಸರನ್ನು ಆಮೇಲೆ ಚೀಟಿ ಅಕ್ಕನೇ ಇಟ್ಟದ್ದು. ಆಗ ಅವಳು ಬೆಂಚಿನ ಮೇಲೆ ಸೆರಗನ್ನು ಕೆನ್ನೆಗೊತ್ತಿ ಕೂತಿದ್ದ, ಮೂರು ದಿನದಿಂದ ನಿದ್ದೆಯಿಲ್ಲದ ಒಬ್ಬ ಹೆಂಗಸು, ಅಷ್ಟೆ.

ಹಿಂದಿನ ದಿನದಿಂದ ಕರೆಂಟ್ ಇರಲಿಲ್ಲ. ಬೆಳಗ್ಗೆ ಫ್ರಿಜ್ಜಿನ ಬಾಗಿಲು ತೆಗೆದರೆ ಮುಚ್ಚಳಗಳಲ್ಲಿ ಬರೀ ನೀರು, ಅದೂ ಬೆಚ್ಚಗೆ. ಎಕ್ಸ್‌ರೇ ಮೆಷಿನ್ನೂ ಸತ್ತಿತ್ತು. ಬೆಂಚುಗಳು ತುಂಬಿ ಜನ ಗೋಡೆಗೆ ಒರಗಿದ್ದರು. ಹೊರಗಿನಿಂದ ಐಸ್ ತರಿಸಬಹುದಿತ್ತು, ನಾಲ್ಕು ಹೆಜ್ಜೆಯಲ್ಲಿ ಹಣ್ಣಿನ ರಸದ ಅಂಗಡಿ ಇತ್ತು. ಆ ಮಂಗಳವಾರ ಇದನ್ನು ಹೇಳುವಾಗ ಚೀಟಿ ಅಕ್ಕ ನಾಲ್ಕು ಬೆರಳು ಎತ್ತಿ ತೋರಿಸಿದಳು. "ನಾಲ್ಕೇ ಹೆಜ್ಜೆ ಕಣೇ. ಎದ್ದು ಹೋಗ್ಲಿಲ್ಲ ನಾನು."

ಪ್ರೂಫಮ್ಮ ಬೆರಳಿಟ್ಟು ತೋರಿಸಿದಳು. ಎಡಗಡೆ, ಕೆಳಸಾಲು, ಕೊನೆಯಿಂದ ಎರಡನೆಯದು. ಅಲ್ಲಿ ಹಳೆಯ ಸಿಮೆಂಟಿನ ಕಪ್ಪು ಮಚ್ಚೆ ಬೇರೆ ಇತ್ತು, ಕಳ್ಳನ ಮುಖದ ಹಾಗೆ. ಚೀಟಿ ಅಕ್ಕ ಚಿತ್ರದಲ್ಲಿ ಆ ಹಲ್ಲಿಗೆ ಕೆಂಪು ಸುತ್ತು ಹಾಕಿದಳು. ಐಸ್ ಪರೀಕ್ಷೆಯ ಖಾನೆಯ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ, ಪರೀಕ್ಷೆ ಮಾಡಿ ಆಗಿದೆ ಎಂಬಂತೆ, ಅಲ್ಲಿ ಸರಿ ಗುರುತು ಹಾಕಿತು.

ದೊಡ್ಡ ಡಾಕ್ಟರು ಕಿಟಕಿ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರು. ಚೀಟಿ ನೋಡಿದರು, ಗುರುತು ನೋಡಿದರು, ಹಲ್ಲು ಕಿತ್ತರು. ಸಂಜೆ ತಟ್ಟೆ ತೊಳೆಯಲು ಹೋದ ಚೀಟಿ ಅಕ್ಕ ಆ ಹಲ್ಲನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದಳು. ಎರಡು ಬೇರೂ ನೆಟ್ಟಗೆ, ದಂತದ ಹಾಗೆ ನುಣ್ಣಗೆ, ತುದಿಯಲ್ಲಿ ಒಂದು ಕಲೆಯಿಲ್ಲ. ಸಿಮೆಂಟಿನ ಸುತ್ತ ಸೂಜಿ ಆಡಿಸಿದಳು. ಎಲ್ಲೂ ಇಳಿಯಲಿಲ್ಲ. ಖಾಲಿಯಾಗಿದ್ದ ಮುಲಾಮಿನ ತಗಡು ಡಬ್ಬಿಗೆ ಅದನ್ನು ಹಾಕಿ ಮೇಜಿನ ಡ್ರಾಯರಿನ ಮೂಲೆಗೆ ತಳ್ಳಿದಳು.

ಮೂರನೇ ದಿನ ಪ್ರೂಫಮ್ಮ ಮತ್ತೆ ಬಂದಳು. "ಅಕ್ಕಾ, ಹಲ್ಲು ಹೋಯ್ತು, ನೋವು ಹೋಗ್ಲಿಲ್ಲ."

ಅವತ್ತು ಐಸ್ ಇತ್ತು. ಮೇಲ್ಸಾಲಿನ ಒಂದು ಹಲ್ಲಿಗೆ ಕಡ್ಡಿ ತಾಗಿಸಿದ್ದೇ ತಡ, ಪ್ರೂಫಮ್ಮ ಸ್ಟೂಲಿನಿಂದ ಎದ್ದೇಬಿಟ್ಟಳು. ಹೊರಗಿನಿಂದ ಒಂದು ತೂತೂ ಕಾಣದ ಹಲ್ಲು, ಪಕ್ಕದ್ದಕ್ಕೆ ಒತ್ತಿಕೊಂಡ ಜಾಗದಲ್ಲಿ ಒಳಗೊಳಗೇ ಕೊಳೆತಿತ್ತು. ದೊಡ್ಡ ಡಾಕ್ಟರು ಹಳೆಯ ಚೀಟಿ ತರಿಸಿ, ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಐಸ್ ಇಟ್ಟಿದ್ದೆ ತಾನೆ?"

"ಇಟ್ಟಿದ್ದೆ ಸಾರ್."

"ಕೆಳಗಿಂದಕ್ಕೂ ನೋವಿತ್ತು?"

"ಇತ್ತು ಸಾರ್."

"ಹಂಗಾದ್ರೆ ಎರಡೂ ಕೆಟ್ಟಿತ್ತು ಅನ್ಸುತ್ತೆ" ಎಂದು ಅವರು ಮೇಲಿನ ಹಲ್ಲಿಗೆ ರೂಟ್ ಕೆನಾಲ್ ಶುರುಮಾಡಿದರು. ಹೊರಗೆ ಬಂದ ಪ್ರೂಫಮ್ಮ ಅವಳ ಕೈ ಹಿಡಿದುಕೊಂಡಳು. "ನೀವಿಲ್ದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ ಅಕ್ಕ." ಗೆಳೆತನ ಶುರುವಾದದ್ದು ಹೀಗೆ, ಒಂದು ಸುಳ್ಳಿಗೆ ಸಿಕ್ಕ ಕೃತಜ್ಞತೆಯಿಂದ. ನಿಜ ಹೇಳಲು ಅದೇ ಸರಿಯಾದ ಗಳಿಗೆಯಾಗಿತ್ತು. ಅದು ದಾಟಿತು. ಒಂದು ಸಲ ದಾಟಿದ್ದು ಆಮೇಲೆ ದಿನಾ ದಾಟುತ್ತ ಹೋಯಿತು.

ಇಬ್ಬರೂ ಒಂಟಿ ಹೆಂಗಸರು. ಪ್ರೂಫಮ್ಮನ ಗಂಡ ಎಂದೋ ತೀರಿಕೊಂಡಿದ್ದ. ಚೀಟಿ ಅಕ್ಕ ಮದುವೆಯಾಗಿರಲಿಲ್ಲ, ಬಸ್ ಓಡಿಸುವ ತಮ್ಮನ ಮನೆಯಲ್ಲಿದ್ದಳು. ಭಾನುವಾರಗಳಲ್ಲಿ ಒಬ್ಬರ ಮನೆಗೆ ಒಬ್ಬರು. ಅಕ್ಕ ಎನ್ನುವುದು ನೀನು ಆಯಿತು, ನೀನು ಎನ್ನುವುದು ಲೇ ಆಯಿತು. ಪ್ರೂಫಮ್ಮ ಅಂಗಡಿಗಳ ಬೋರ್ಡಿನಲ್ಲಿ ತಪ್ಪು ಹುಡುಕುತ್ತ, ಚೀಟಿ ಅಕ್ಕ ಎದುರು ಬರುವವರ ಬಾಯಿ ನೋಡುತ್ತ ಬೀದಿಯಲ್ಲಿ ನಡೆಯುವರು. ತಮ್ಮನ ಹೆಂಡತಿ, "ಅತ್ತಿಗೆ, ನಿಮ್ಮಿಬ್ಬರ ಜೊತೆ ಹೊರಗೆ ಹೋದ್ರೆ ಊರಲ್ಲಿ ಒಂದಾದ್ರೂ ನೆಟ್ಟಗಿದೆ ಅಂತ ಅನ್ಸೋದೇ ಇಲ್ಲ" ಎನ್ನುತ್ತಿದ್ದಳು.

ಒಂದು ವರ್ಷ ಕಳೆದಿರಬಹುದು. ಒಂದು ಚಳಿಯ ಬೆಳಗ್ಗೆ ಪ್ರೂಫಮ್ಮ ಮಾತಿನ ನಡುವೆ ಎಡಗೆನ್ನೆ ಹಿಡಿದುಕೊಂಡಳು.

"ಲೇ, ತಮಾಷೆ ಕೇಳು. ಕಿತ್ತ ಹಲ್ಲು ನೋಯ್ತಿದೆ."

"ಯಾವ್ದು?"

"ಇಲ್ಲದ್ದೇ! ನಾಲಗೆ ಹಾಕಿದ್ರೆ ಬರೀ ಒಸಡು. ಆದ್ರೆ ನೋವು ಹಲ್ಲಿನ ಆಕಾರದಲ್ಲೇ ಇದೆ. ಬೇರು ಸಮೇತ."

ಚೀಟಿ ಅಕ್ಕ ಉಪ್ಪುನೀರು ಕಾಯಿಸಲು ಎದ್ದಳು. ಮರುದಿನ, ಬೇರೆ ಯಾರದ್ದೋ ವಿಷಯವೆಂಬಂತೆ, ದೊಡ್ಡ ಡಾಕ್ಟರನ್ನು ಕೇಳಿದಳು. ಅವರು ಕೈ ತೊಳೆಯುತ್ತಲೇ ಹೇಳಿದರು, "ಆಗುತ್ತಮ್ಮ. ಕೆಲವು ನರಕ್ಕೆ ಹಲ್ಲು ಹೋದ ಸುದ್ದಿ ಮುಟ್ಟೋದೇ ಇಲ್ಲ. ಅದು ಕಾಯ್ತಾನೇ ಇರುತ್ತೆ, ಕರೀತಾನೇ ಇರುತ್ತೆ. ಆ ನೋವಿಗೆ ಇನ್ನೊಂದು ಹಲ್ಲು ಕಿತ್ರೆ ಇನ್ನೂ ಕೆಡುತ್ತೆ. ಪಕ್ಕದ್ದು, ಅದರ ಪಕ್ಕದ್ದು ಅಂತ ಪೂರ್ತಿ ಬಾಯಿ ಖಾಲಿ ಮಾಡ್ಕೊಂಡವರನ್ನ ನೋಡಿದ್ದೀನಿ."

ಪ್ರೂಫಮ್ಮ ಅದಕ್ಕೆ ದೆವ್ವ ಎಂದು ಹೆಸರಿಟ್ಟಳು. "ನಮ್ಮ ದೆವ್ವ ಇವತ್ತು ಬೇಗ ಎದ್ದಿದೆ" ಎಂದು ಫೋನು ಮಾಡುವಳು. "ಮೋಡ ಕಟ್ತಲ್ಲ, ದೆವ್ವಕ್ಕೆ ಖುಷಿ" ಎನ್ನುವಳು. ಚೀಟಿ ಅಕ್ಕ ಬೆಚ್ಚಗಿನ ಉಪ್ಪುನೀರು ಮಾಡಿಕೊಡುವಳು, ದವಡೆಗೆ ಬಿಸಿ ಬಟ್ಟೆ ಒತ್ತುವಳು, ಪಕ್ಕದಲ್ಲಿ ಕೂತಿರುವಳು. ಇಷ್ಟು ಪ್ರೀತಿ ತೋರುವ ಗೆಳತಿ ತನಗೆ ಯಾವ ಪುಣ್ಯಕ್ಕೆ ಸಿಕ್ಕಿದಳೋ ಎಂದು ಪ್ರೂಫಮ್ಮ ಎಲ್ಲರೆದುರು ಹೇಳುವಳು. ಆ ಮಾತು ಬಂದಾಗಲೆಲ್ಲ ಚೀಟಿ ಅಕ್ಕ ಏನೋ ನೆಪ ಹೇಳಿ ಎದ್ದು ಒಳಗೆ ಹೋಗುವಳು.

ಆಸ್ಪತ್ರೆಯಲ್ಲಿ ಡ್ರಾಯರ್ ಎಳೆದಾಗಲೆಲ್ಲ ಮೂಲೆಯಿಂದ ಟಿಕ್ ಎಂದು ಒಂದು ಸದ್ದು. ಡಬ್ಬಿಯೊಳಗೆ ಹಲ್ಲು ಉರುಳಿದ್ದು. ದಿನಕ್ಕೆ ಐವತ್ತು ಸಲ ಡ್ರಾಯರ್ ತೆಗೆಯಬೇಕು. ಡಬ್ಬಿಗೆ ಹತ್ತಿ ತುಂಬಿ ನೋಡಿದಳು. ಸದ್ದು ನಿಂತಿತು, ಆದರೆ ಅದನ್ನು ಕಾಯುತ್ತ ಅವಳ ಕಿವಿ ನೆಟ್ಟಗಾಗುವುದು ನಿಲ್ಲಲಿಲ್ಲ. ಹತ್ತಿ ತೆಗೆದಳು. ನಿವೃತ್ತಿಯ ದಿನ ಸಿಬ್ಬಂದಿಯೆಲ್ಲ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಅವಳ ಬಲಗೈ ಮುಷ್ಟಿಯಲ್ಲಿದೆ. ಒಳಗಿದ್ದದ್ದು ಡಬ್ಬಿ.

ಅಂದಿನಿಂದ ಡಬ್ಬಿ ಮನೆಯ ಮೇಜಿನ ಡ್ರಾಯರಿಗೆ ಬಂತು. ನೋವೂ ಜೊತೆಗೇ ಬಂದ ಹಾಗಾಯಿತು. ಮೂರು ವರ್ಷದಲ್ಲಿ ಆಗೊಮ್ಮೆ ಈಗೊಮ್ಮೆ, ಎಡಗಡೆ, ಕೆಳಸಾಲು, ಕೊನೆಯಿಂದ ಎರಡನೆಯದರ ಹತ್ತಿರ ಏನೋ ಮಿಸುಕಿದ ಹಾಗೆ. ಅವಳ ಬಾಯಲ್ಲಿ ಮೂವತ್ತೆರಡೂ ಹಲ್ಲು ಇದ್ದವು, ಒಂದಕ್ಕೂ ಸಿಮೆಂಟ್ ಬಿದ್ದಿರಲಿಲ್ಲ. ಐಸ್ ಇಟ್ಟು ನೋಡಿಕೊಂಡಳು. ಹತ್ತು ಎಣಿಸಿದಳು. ಏನೂ ಇಲ್ಲ.

ಎರಡು ತಿಂಗಳ ಹಿಂದೆ ಅದು ನಿಜವಾದ ನೋವಾಯಿತು. ನೀರಿನ ಬಕೆಟ್ ಎತ್ತಿದಾಗ, ಬಸ್ಸಿಗೆ ಓಡಿದಾಗ, ಸೇತುವೆಯ ಮೆಟ್ಟಿಲು ಹತ್ತಿದಾಗ. ತಮ್ಮನ ಹೆಂಡತಿ, "ಅತ್ತಿಗೆ, ಊರಿನ ಹಲ್ಲೆಲ್ಲ ನೋಡಿ ನಿಮ್ಮದೇ ಬಿಟ್ರಲ್ಲ, ತೋರಿಸ್ಕೊಳ್ಳಿ" ಎಂದಳು. "ತೋರಿಸೋಕೆ ಏನಿದೆ? ಹಲ್ಲು ತಾನೆ" ಎಂದಳು ಇವಳು. ಉಳಿದಿದ್ದ ಒಂದು ಖಾಲಿ ಚೀಟಿ ತೆಗೆದು ತನ್ನದೇ ನೋವನ್ನು ಬರೆದುಕೊಂಡಳು. ಆ ಚೀಟಿ ಸಿಕ್ಕಿದೆ. ಯಾವಾಗ ಬರುತ್ತದೆ: ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ. ಯಾವಾಗ ಹೋಗುತ್ತದೆ: ಐದು ನಿಮಿಷ ಕೂತರೆ. ಐಸ್ ಪರೀಕ್ಷೆ: ಎಲ್ಲ ಹಲ್ಲೂ ಸರಿ. ಬೇರೆ ಯಾರ ಬಾಯಿಂದ ಈ ಮಾತು ಬಂದಿದ್ದರೂ ಅವಳು ಪೆನ್ನು ಕೆಳಗಿಟ್ಟು ಆಟೋ ಕರೆಸುತ್ತಿದ್ದಳು. ಆದರೆ ಮೂವತ್ತನಾಲ್ಕು ವರ್ಷ ಮುಟ್ಟದಿದ್ದ ಡಾಕ್ಟರ ಖಾನೆಯಲ್ಲಿ, ಕಾರಣ ಅನ್ನುವಲ್ಲಿ, ಅವಳು ಒಂದೇ ಪದ ಬರೆದಿದ್ದಳು: ಅವಳದು.

ಪ್ರೂಫಮ್ಮನ ಕಿತ್ತ ಹಲ್ಲಿನ ನೋವು ತನ್ನ ಬಾಯಿಗೆ ಬಂದು ಸೇರಿದೆ ಎಂದು ಅವಳು ನಂಬಿಬಿಟ್ಟಿದ್ದಳು. ಬರಬೇಕಾದದ್ದೇ ಎಂದು ಒಪ್ಪಿಕೊಂಡೂ ಇದ್ದಳು.

ಆ ಮಂಗಳವಾರಕ್ಕೆ ಎರಡು ದಿನ ಮೊದಲು, ಭಾನುವಾರ, ಪ್ರೂಫಮ್ಮ ಫೋನು ಮಾಡಿದಳು. ದೆವ್ವ ಹತ್ತು ದಿನದಿಂದ ಬಿಟ್ಟಿಲ್ಲ. ಹೊಸ ಕ್ಲಿನಿಕ್ಕಿಗೆ ಹೋಗಿದ್ದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವಂತೆ.

"ಆದ್ರೆ ಇದು ಪಕ್ಕದ ಹಲ್ಲೇ ಕಣೇ. ಬೆರಳಿಟ್ಟು ತೋರಿಸ್ದೆ. ಆ ಹುಡುಗಿ ಡಾಕ್ಟರು, ನೀವು ಅಷ್ಟು ಖಚಿತವಾಗಿ ಹೇಳ್ತೀರಿ ಅಂದ್ರೆ ತೆಗೆದುಬಿಡೋಣ ಅಂದ್ಲು. ಬುಧವಾರ ಹತ್ತು ಗಂಟೆಗೆ."

"ಬೇಡ ಕಣೇ."

"ಯಾಕೆ ಬೇಡ?"

"ಬೇಡ ಅಂದೆನಲ್ಲ."

"ನಿನ್ನ ಬಾಯಲ್ಲಿ ಮೂವತ್ತೆರಡೂ ಇವೆ, ನಿಂಗೇನು ಗೊತ್ತಾಗ್ಬೇಕು ನನ್ನ ಸಂಕಟ?" ಎಂದು ಪ್ರೂಫಮ್ಮ ನಗುತ್ತಲೇ ಫೋನಿಟ್ಟಳು.

ಚೀಟಿ ಅಕ್ಕ ಸೋಮವಾರವೆಲ್ಲ ಮನೆಯೊಳಗೆ ಸುತ್ತಿದಳು. ಹೇಳದಿದ್ದರೆ ಬುಧವಾರ ಇನ್ನೊಂದು ಗಟ್ಟಿ ಹಲ್ಲು ತಟ್ಟೆಗೆ ಬೀಳುತ್ತದೆ. ಹೇಳಿದರೆ ಇಪ್ಪತ್ತಾರು ವರ್ಷದ ಗೆಳತಿ ಹೋಗುತ್ತಾಳೆ. ಮಂಗಳವಾರ ಮಧ್ಯಾಹ್ನ ಊಟ ಬೇಡವೆಂದು, ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಪ್ರೂಫಮ್ಮನ ಮನೆಗೆ ಲಿಫ್ಟಿಲ್ಲ. ಐವತ್ತನಾಲ್ಕು ಮೆಟ್ಟಿಲು. ಮೊದಲ ಮಹಡಿಯಲ್ಲೇ ದವಡೆ ಹಿಡಿದುಕೊಂಡಿತು. ಮೆಟ್ಟಿಲ ಮೇಲೆ ಕೂತಳು. ಹೋಯಿತು. ಎರಡನೇ ಮಹಡಿಯಲ್ಲಿ ಮತ್ತೆ ಬಂತು, ಈ ಸಲ ಕಿವಿಯವರೆಗೆ. ಮತ್ತೆ ಕೂತಳು. ಬಟ್ಟೆ ಒಣಹಾಕುತ್ತಿದ್ದ ಕೆಳಮನೆಯ ಹೆಂಗಸು, ಏನಮ್ಮ ಸುಸ್ತೇ ಎಂದು ಕೇಳಿದ್ದಕ್ಕೆ, "ಹಲ್ಲುನೋವು" ಎಂದಳಂತೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಆಮೇಲೆ ಪ್ರೂಫಮ್ಮನಿಗೆ ಹೇಳಿದಳು: "ಅದರ ಮನೆಗೇ ಕರ್ಕೊಂಡು ಹೋಗ್ತಿದ್ದೀನಲ್ಲ, ಅದಕ್ಕೇ ಹಿಂಗೆ ಕುಣೀತಿದೆ ಅಂದ್ಕೊಂಡೆ."

ಕಿಟಕಿಯ ಕೆಳಗಿನ ಮೇಜಿನಲ್ಲಿ ಪ್ರೂಫಮ್ಮ ಕೆಂಪು ಪೆನ್ಸಿಲ್ ಹಿಡಿದು ಯಾವುದೋ ಪಠ್ಯಪುಸ್ತಕದ ಪುಟಗಳನ್ನು ತಿದ್ದುತ್ತಿದ್ದಳು. ತಲೆಯೆತ್ತದೆ, "ಬಾ ಬಾ, ಕೀಳಿಸ್ಬೇಡ ಅಂತ ಹೇಳೋಕೆ ಬಂದ್ಯಾ?" ಎಂದಳು.

"ಹೌದು."

ಬೆತ್ತದ ಕುರ್ಚಿಯಲ್ಲಿ ಕೂತು, ಉಸಿರು ಸರಿಯಾಗುವವರೆಗೆ ಕಾದು, ಚೀಟಿ ಅಕ್ಕ ಡಬ್ಬಿಯ ಮುಚ್ಚಳ ತಿರುಗಿಸಿ ಹಲ್ಲನ್ನು ಪ್ರೂಫಿನ ಹಾಳೆಯ ಮೇಲಿಟ್ಟಳು. ಸ್ವಲ್ಪ ಹಳದಿಯಾಗಿತ್ತು. ಎರಡು ಬೇರಿನ ಮೇಲೆ ನಿಲ್ಲುತ್ತದೇನೋ ಎಂಬಂತೆ ಒಂದು ಕ್ಷಣ ಅಲುಗಿ ಮಗ್ಗುಲಾಯಿತು.

"ಏನಿದು?"

"ನಿಂದು. ಚೆನ್ನಾಗಿತ್ತು."

ಆಮೇಲೆ ಎಲ್ಲ ಹೇಳಿದಳು. ಕರೆಂಟು, ಕರಗಿದ ಐಸು, ನಾಲ್ಕು ಹೆಜ್ಜೆಯ ಅಂಗಡಿ, ಸರಿ ಗುರುತು, ಇಟ್ಟಿದ್ದೆ ಸಾರ್. "ನಿಂಗೆ ನೋಯ್ತಿರೋದು ಪಕ್ಕದ್ದಲ್ಲ. ಇದೇ. ಸುಮ್‌ಸುಮ್ನೆ ಕಿತ್ತಿದ್ದಕ್ಕೆ ಆ ನರ ಇನ್ನೂ ಇದನ್ನೇ ಕೇಳ್ತಿದೆ. ಪಕ್ಕದ್ದು ತೆಗೆಸಿದ್ರೆ ಅದನ್ನೂ ಕೇಳುತ್ತೆ. ತೆಗೆಸ್ಬೇಡ."

ಪ್ರೂಫಮ್ಮ ಪೆನ್ಸಿಲಿನ ತುದಿಯಿಂದ ಹಲ್ಲನ್ನು ಒಂದು ಸಲ ಹೊರಳಿಸಿದಳು.

"ಇಪ್ಪತ್ತಾರು ವರ್ಷ" ಎಂದಳು. "ನೀನು ಉಪ್ಪುನೀರು ಕೊಡೋದು, ನಾನು ಮುಕ್ಕಳಿಸೋದು. ನನ್ನ ಪುಣ್ಯ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನಗು ಬಂದಿರ್ಬೇಕು ನಿಂಗೆ."

"ನಗು ಬಂದಿಲ್ಲ."

"ದೆವ್ವ ಅಂತ ನಾನು ತಮಾಷೆ ಮಾಡ್ತಿದ್ರೆ, ಅದನ್ನ ಡಬ್ಬೀಲಿ ಇಟ್ಕೊಂಡು ಕೂತಿದ್ದೆ ನೀನು. ಎದ್ದು ಹೋಗು. ನಿನ್ನ ಮುಖ ನೋಡೋಕಾಗ್ತಿಲ್ಲ ನಂಗೆ ಈಗ."

ಹಾಗೆಂದವಳು ಕಿಟಕಿಯ ಕಡೆ ತಿರುಗಿದಳು. ಆ ಮಾತನ್ನು ಈಗ ವಾಪಸ್ಸು ತೆಗೆದುಕೊಳ್ಳಲು ಯಾವ ಕೆಂಪು ಪೆನ್ಸಿಲಿನಿಂದಲೂ ಆಗುವುದಿಲ್ಲ.

ಚೀಟಿ ಅಕ್ಕ ಏಳಲು ಹೋದಳು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದು, ಮತ್ತೆ ಕೂತಳು. ಬೆತ್ತ ಕಿರುಗುಟ್ಟಿತು. ಪ್ರೂಫಮ್ಮ ತಿರುಗಿ ನೋಡಿದಳು. ಗೆಳತಿಯ ಮುಖ ಬೂದಿ ಬಣ್ಣವಾಗಿತ್ತು, ಮೇಲ್ತುಟಿಯ ಮೇಲೆ ಬೆವರಿನ ಹನಿ ಸಾಲುಗಟ್ಟಿತ್ತು.

"ಏನಾಯ್ತೇ?"

"ಏನಿಲ್ಲ. ಹಲ್ಲುನೋವು."

"ನಿಂಗಾ? ಎಲ್ಲಿ?"

"ಅದೇ. ನಿಂದೇ." ಚೀಟಿ ಅಕ್ಕ ನಗಲು ನೋಡಿದಳು.

ಪ್ರೂಫಮ್ಮನ ಸಿಟ್ಟು ಎಲ್ಲಿ ಹೋಯಿತೋ. ಅವಳು ಬಂದು ಎದುರಿಗೆ ನೆಲದ ಮೇಲೆ ಕೂತಳು. ಇಪ್ಪತ್ತಾರು ವರ್ಷ ಆ ಚೀಟಿಯ ಕಥೆಗಳನ್ನು ಕೇಳಿ ಕೇಳಿ ಅವಳಿಗೂ ಆ ಪ್ರಶ್ನೆಗಳು ಬಾಯಿಪಾಠ. ಏನು ಮಾಡಲೂ ತೋಚದೆ ಅವಳು ಅವನ್ನೇ ಕೇಳಿದಳು.

"ಯಾವಾಗಿಂದ?"

"ಎರಡು ತಿಂಗಳು."

"ಎಂಥ ನೋವು? ಚುಚ್ಚುತ್ತಾ, ಬಡಿಯುತ್ತಾ?"

"ಒತ್ತುತ್ತೆ. ಯಾರೋ ಹಿಡ್ಕೊಂಡ ಹಾಗೆ."

"ಯಾವಾಗ ಬರುತ್ತೆ?"

"ಮೆಟ್ಟಿಲು..."

ಚೀಟಿ ಅಕ್ಕ ಅಲ್ಲಿಗೆ ನಿಲ್ಲಿಸಿದಳು. ಎದುರಿಗೆ ಸ್ಟೂಲಿನ ಮೇಲೆ ಯಾರೋ ಕೂತು ಅದನ್ನು ಹೇಳಿದ ಹಾಗೆ, ಮೊದಲ ಸಲ ಅವಳ ಕಿವಿಗೆ ಆ ಮಾತು ಬಿತ್ತು. ಪ್ರೂಫಮ್ಮನ ಕಿವಿಗೂ ಬಿತ್ತು. ಮೂಟೆ ಹೊರುವ ಮುದುಕನ ಕಥೆ ಅವಳು ಎಷ್ಟು ಸಲ ಕೇಳಿದ್ದಳೋ. ಅವಳು ಎದ್ದು ಫೋನಿನ ಹತ್ತಿರ ಓಡಿದಳು, ಆಂಬುಲೆನ್ಸಿನ ನಂಬರ್ ಒತ್ತಿದಳು, ವಿಳಾಸ ಹೇಳಿದಳು, ಮೂರನೇ ಮಹಡಿ ಎಂದು ಎರಡು ಸಲ ಹೇಳಿದಳು. ವಾಪಸ್ಸು ಬಂದು ಆ ತಣ್ಣನೆಯ ಕೈ ಹಿಡಿದಳು.

"ಬರ್ತಿದ್ದಾರೆ. ಬುಧವಾರ ಕೀಳಿಸಲ್ಲ ನಾನು, ಕೇಳಿಸ್ತಾ? ಕೀಳಿಸಲ್ಲ. ಎಲ್ಲಿ ನೋವು, ಬೆರಳಿಟ್ಟು ತೋರಿಸು ನಂಗೆ."

ಚೀಟಿ ಅಕ್ಕ ಬಲಗೈ ಎತ್ತಿದಳು. ತೋರುಬೆರಳನ್ನು ಎಡ ದವಡೆಯ ಮೇಲೆ, ಕೆಳಸಾಲಿನ ಕೊನೆಯಿಂದ ಎರಡನೆಯ ಹಲ್ಲು ಇರುವ ಜಾಗಕ್ಕೆ ಸರಿಯಾಗಿ ಇಟ್ಟಳು. ತುಟಿ ಅಲುಗುತ್ತಿತ್ತು. ಹತ್ತು ಎಣಿಸುತ್ತಿದ್ದಳು. ಆಮೇಲೆ ಆ ಬೆರಳನ್ನು ಅಲ್ಲಿಂದ ತೆಗೆದಳು, ಕತ್ತಿನ ಗುಂಟ ನಿಧಾನವಾಗಿ ಕೆಳಗಿಳಿಸಿದಳು, ಎದೆಯ ನಡುವೆ ತಂದು ನಿಲ್ಲಿಸಿದಳು.